ಸವಾನಾ ಮತ್ತು ಟೈಬೀ: ಚೌಕದ ಊರು, ಭರತದ ಕಡಲು

ಅಟ್ಲಾಂಟಾದಲ್ಲಿರುವ ಮಕ್ಕಳ ಮನೆಗೆ ಊರಿನಿಂದ ಅಪ್ಪ ಅಮ್ಮ ಬಂದಾಗ, ವಾರಾಂತ್ಯಕ್ಕೆ ಎಲ್ಲಿಗೆ ಕರೆದುಕೊಂಡು ಹೋಗೋಣ ಎಂಬ ಮಾತು ಬಂದರೆ ಮೊದಲು ಬಾಯಿಗೆ ಬರುವ ಹೆಸರುಗಳಲ್ಲಿ ಸವಾನಾ ಒಂದು. ನೃಪತುಂಗ ಕನ್ನಡ ಕೂಟ ಇರುವ ಊರು ಅಟ್ಲಾಂಟಾ. ಅಲ್ಲಿನ ಕನ್ನಡಿಗರಿಗೆ ಹತ್ತಿರದ ಹಳೆಯ ಕಡಲೂರು ಇದೇ. ಶನಿವಾರ ಬೆಳಗ್ಗೆ ಹೊರಡುವುದು, ಮಧ್ಯಾಹ್ನ ನದಿದಂಡೆಯಲ್ಲಿ ಅಡ್ಡಾಡುವುದು, ಟ್ರಾಲಿ ಬಸ್ಸಿನಲ್ಲಿ ಒಂದು ಸುತ್ತು, ಭಾನುವಾರ ಟೈಬೀ ದ್ವೀಪದಲ್ಲಿ ಕಾಲು ನೆನೆಸಿ ಸಂಜೆಗೆ ವಾಪಸ್. ಹೀಗೆ ಹೋಗಿ ಬಂದವರನ್ನು ಕೇಳಿ ನೋಡಿ: "ಚೆನ್ನಾಗಿದೆ, ಆದರೆ ಚೌಕಗಳೆಲ್ಲ ಒಂದೇ ಥರ. ಕಡಲಂತೂ ಬರೀ ಕೆಸರುನೀರು."

ಅವರು ಹೇಳುವುದರಲ್ಲಿ ಸುಳ್ಳೇನಿಲ್ಲ. ಆದರೆ ಚೌಕಗಳು ಒಂದೇ ಥರ ಇರುವುದು ಯಾರೋ ಬೇಕೆಂದೇ ಮಾಡಿದ್ದು, ಕಡಲು ಕಂದಾಗಿರುವುದಕ್ಕೂ ಕಾರಣವಿದೆ. ಊರು 1733ರ ಒಂದು ನಕ್ಷೆಯ ಪ್ರಕಾರ ನಡೆಯುತ್ತದೆ, ದ್ವೀಪ ಭರತ ಇಳಿತದ ಪ್ರಕಾರ. ಈ ಎರಡು ಗೊತ್ತಿದ್ದರೆ ಎರಡು ದಿನ ಸಾಕಾಗುತ್ತದೆ. ಗೊತ್ತಿಲ್ಲದಿದ್ದರೆ ವಾರವಿದ್ದರೂ ಪಾರ್ಕಿಂಗ್ ಹುಡುಕುವುದರಲ್ಲೇ ಕಳೆಯುತ್ತದೆ.

ಮೊದಲು ದಾರಿ. ಅಟ್ಲಾಂಟಾದಿಂದ 250 ಮೈಲಿ, ಅಂದರೆ ಸುಮಾರು 400 ಕಿಲೋಮೀಟರ್. ನಾಲ್ಕು ಗಂಟೆಯ ಪ್ರಯಾಣ. ಐ-75 ಹಿಡಿದು ಮೇಕನ್‌ವರೆಗೆ, ಅಲ್ಲಿ ಹುಟ್ಟುವ ಐ-16ರಲ್ಲಿ ಸೀದಾ ಸವಾನಾಕ್ಕೆ. ಐ-16 ಊರೊಳಗೇ ಹೋಗಿ ಮುಗಿಯುವುದರಿಂದ ದಾರಿ ತಪ್ಪುವ ಭಯವಿಲ್ಲ. ಇಕ್ಕೆಲದಲ್ಲೂ ಪೈನ್ ಮರ ಬಿಟ್ಟರೆ ಬೇರೇನೂ ಕಾಣದ, ಗಾಡಿ ಓಡಿಸುವವರಿಗೆ ತೂಕಡಿಕೆ ತರುವ ರಸ್ತೆ. ಹೆದ್ದಾರಿಗೆ ಸೇರುವ ರಸ್ತೆಗಳ ಬಳಿ ಅಡ್ಡಗೇಟುಗಳನ್ನು ಕಂಡರೆ ಅವು ಏಕೆಂದು ತಿಳಿದಿರಲಿ: ಚಂಡಮಾರುತ ಬಂದಾಗ ಕರಾವಳಿಯ ಜನರನ್ನು ಒಳನಾಡಿಗೆ ಸಾಗಿಸಲು ರಸ್ತೆಯ ಎರಡೂ ಬದಿಯನ್ನು ಪಶ್ಚಿಮಕ್ಕೇ ತಿರುಗಿಸುತ್ತಾರೆ. 2016ರಲ್ಲಿ ಮ್ಯಾಥ್ಯೂ ಬಂದಾಗ ಹಾಗೆಯೇ ಮಾಡಿದರು. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆಗ ಹೋಗಬಾರದೆಂದಲ್ಲ, ಆದರೆ ಹೋಟೆಲ್ ಬುಕ್ ಮಾಡುವಾಗ ರದ್ದು ಮಾಡಿದರೆ ಹಣ ವಾಪಸ್ ಬರುವಂಥದ್ದನ್ನೇ ಆರಿಸಿ.

ದಾರಿಯಲ್ಲಿ ಪೆಟ್ರೋಲ್ ಬಂಕುಗಳಲ್ಲೂ ರಸ್ತೆಬದಿಯ ಅಂಗಡಿಗಳಲ್ಲೂ ಉಪ್ಪುನೀರಿನಲ್ಲಿ ಬೇಯಿಸಿದ ಕಡಲೆಕಾಯಿ ಸಿಗುತ್ತದೆ, ಸಿಪ್ಪೆ ಸಮೇತ, ಬಿಸಿಬಿಸಿ. ಅಮೆರಿಕದಲ್ಲಿ ಅತಿ ಹೆಚ್ಚು ಕಡಲೆಕಾಯಿ ಬೆಳೆಯುವ ರಾಜ್ಯ ಜಾರ್ಜಿಯಾ. ಪರಿಷೆಯ ರುಚಿ ಗೊತ್ತಿರುವ ಬಸವನಗುಡಿಯವರಿಗೆ ಬೇರೆ ಶಿಫಾರಸು ಬೇಡ. ಮಸಾಲೆ ಹಾಕಿದ್ದೂ ಇರುತ್ತದೆ. ಸಾದಾ ಇರುವುದನ್ನೇ ಕೇಳಿ.

ಹವೆ ಹಿತವಾಗಿರುವುದು ಮಾರ್ಚ್‌ನಿಂದ ಮೇ ನಡುವೆ ಮತ್ತು ಅಕ್ಟೋಬರ್, ನವೆಂಬರ್ ತಿಂಗಳಲ್ಲಿ. ಬೇಸಿಗೆಯಲ್ಲಿ ಬಿಸಿಲು 33 ಡಿಗ್ರಿ ಮುಟ್ಟುತ್ತದೆ, ಜತೆಗೆ ಮಂಗಳೂರಿನವರಿಗೆ ಚಿರಪರಿಚಿತವಾದ ಸೆಕೆ, ಮಧ್ಯಾಹ್ನ ಮೇಲೆ ಗುಡುಗು ಮಳೆ. ಹಿರಿಯರು ಬರುವುದು ಹೆಚ್ಚಾಗಿ ಈ ಕಾಲದಲ್ಲೇ. ಹಾಗಿದ್ದರೆ ನಡೆಯುವುದನ್ನು ಬೆಳಗ್ಗೆ ಹತ್ತರೊಳಗೆ ಮುಗಿಸಿ, ಮಧ್ಯಾಹ್ನ ಎಸಿ ಇರುವ ಮ್ಯೂಸಿಯಂ ನೋಡಿ, ಸಂಜೆ ಐದರ ಮೇಲೆ ಮತ್ತೆ ಹೊರಬೀಳಿ. ವಸಂತದಲ್ಲೂ ಶರತ್ಕಾಲದಲ್ಲೂ ಗಾಳಿ ಇಲ್ಲದ ಹೊತ್ತಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೊರಜು ಕಚ್ಚುತ್ತದೆ. ಊರಿನ ಹಳೆಯ ಬೇಸ್‌ಬಾಲ್ ತಂಡವೊಂದು ತನಗೆ ಅದರ ಹೆಸರನ್ನೇ ಇಟ್ಟುಕೊಂಡಿತ್ತು ಅಂದಮೇಲೆ ಕಾಟ ಎಷ್ಟೆಂದು ಊಹಿಸಿ. ಇನ್ನು ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನದ ಆಸುಪಾಸು. ಫೋರ್ಸಿತ್ ಪಾರ್ಕಿನ ಕಾರಂಜಿಯ ನೀರಿಗೆ ಹಸಿರು ಬಣ್ಣ ಹಾಕಿ, ಊರಿಗೆ ಊರೇ ಬೀದಿಗಿಳಿಯುತ್ತದೆ. ಆ ಗದ್ದಲವೇ ಬೇಕೆಂದವರು ಹೋಗಲಿ. ಉಳಿದವರು ಆ ವಾರ ಬಿಟ್ಟುಬಿಡಿ, ರೂಮಿನ ಬಾಡಿಗೆ ಕೇಳಿದರೇ ಬೆವರು ಬರುತ್ತದೆ.

ನಕ್ಷೆ ಓದುವ ಬಗೆ

1733ರ ಫೆಬ್ರವರಿ 12ರಂದು ಜೇಮ್ಸ್ ಒಗಲ್‌ಥಾರ್ಪ್ ಎಂಬ ಇಂಗ್ಲಿಷ್ ಸಂಸದ ‘ಆ್ಯನ್’ ಹಡಗಿನಲ್ಲಿ ಬಂದ ವಲಸೆಗಾರರೊಂದಿಗೆ ಸವಾನಾ ನದಿಯ ದಕ್ಷಿಣ ದಡದಲ್ಲಿ, ಸುಮಾರು 40 ಅಡಿ ಎತ್ತರದ ದಿಣ್ಣೆಯ ಮೇಲೆ ನೆಲೆಯೂರಿದ. ಆ ನೆಲ ಯಾಮಕ್ರಾ ಬುಡಕಟ್ಟಿನದು. ಅವರ ನಾಯಕ ಟೊಮೊಚಿಚಿ ಒಪ್ಪಿಗೆ ಕೊಟ್ಟದ್ದರಿಂದಲೇ ಊರು ಎದ್ದಿತು. ಬ್ರಿಟಿಷರ ಹದಿಮೂರು ವಸಾಹತುಗಳಲ್ಲಿ ಕೊನೆಯದಾದ ಜಾರ್ಜಿಯಾವನ್ನು ಸಣ್ಣ ರೈತರ ನಾಡಾಗಿಸುವುದು ಅದನ್ನು ನಡೆಸುತ್ತಿದ್ದ ಲಂಡನ್ನಿನ ಟ್ರಸ್ಟಿಗಳ ಯೋಚನೆ. ಅದಕ್ಕೆ ತಕ್ಕಂತೆ ಕಾಯಿದೆ ಮಾಡಿದರು: ರಮ್ ಮಾರುವಂತಿಲ್ಲ, ಗುಲಾಮರನ್ನು ಇಟ್ಟುಕೊಳ್ಳುವಂತಿಲ್ಲ. ಅದಕ್ಕೆ ತಕ್ಕಂತೆಯೇ ಊರನ್ನೂ ಅಳೆದರು.

ಅಳತೆಯ ಮೂಲಘಟಕ ಒಂದು ವಾರ್ಡು. ವಾರ್ಡಿನ ನಟ್ಟನಡುವೆ ಖಾಲಿ ಬಯಲು, ಅದೇ ಚೌಕ. ಚೌಕದ ಉತ್ತರಕ್ಕೆ ಎರಡು, ದಕ್ಷಿಣಕ್ಕೆ ಎರಡು ಮನೆಗುಂಪು. ಒಂದೊಂದರಲ್ಲಿ ಹತ್ತು ನಿವೇಶನ, ಒಟ್ಟು ನಲವತ್ತು ಮನೆ. ಪ್ರತಿಯೊಂದೂ 60 ಅಡಿಗೆ 90 ಅಡಿ. ಬೆಂಗಳೂರಿನ ಭಾಷೆಯಲ್ಲಿ 60/90 ಸೈಟು, ಯಾರಿಗೂ ಒಂದಡಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಚೌಕದ ಪೂರ್ವ ಪಶ್ಚಿಮಕ್ಕೆ ನಾಲ್ಕು ದೊಡ್ಡ ನಿವೇಶನ. ಅವು ಚರ್ಚು, ನ್ಯಾಯಾಲಯ, ಉಗ್ರಾಣದಂಥ ಸಾರ್ವಜನಿಕ ಕಟ್ಟಡಗಳಿಗೆ. ಮನೆಗಳ ಬೆನ್ನಿಗೆ ಓಣಿ. ಇಷ್ಟೇ ನಕ್ಷೆ. ಊರು ಬೆಳೆದಂತೆಲ್ಲ ಪಕ್ಕದ ಗೋಮಾಳದಂಥ ಜಾಗದಲ್ಲಿ ಇದನ್ನೇ ಮತ್ತೆ ಮತ್ತೆ ಒತ್ತುತ್ತಾ ಹೋದರು. ಮೊದಲು ನಾಲ್ಕಿದ್ದ ಚೌಕ 1851ರ ಹೊತ್ತಿಗೆ 24 ಆಯಿತು. ಇಂದು 22 ಉಳಿದಿವೆ.

ಇದನ್ನು ತಿಳಿದು ಏನು ಪ್ರಯೋಜನ? ಯಾವ ಚೌಕದಲ್ಲಿ ನಿಂತರೂ ದಿಕ್ಕು ಗೊತ್ತಾಗುತ್ತದೆ. ಸಾಲುಮನೆ ಕಾಣುವುದು ಉತ್ತರ ದಕ್ಷಿಣಕ್ಕೆ, ಚರ್ಚಿನ ಗೋಪುರ, ಕಂಬದ ಕಟ್ಟಡ ಕಾಣುವುದು ಪೂರ್ವ ಪಶ್ಚಿಮಕ್ಕೆ. ಮುಂದೆ ಸಿರಿವಂತರು ಸಾರ್ವಜನಿಕ ಜಾಗದಲ್ಲೂ ಬಂಗಲೆ ಕಟ್ಟಿಕೊಂಡರಾದರೂ ಲೆಕ್ಕ ಬಹುಮಟ್ಟಿಗೆ ಇನ್ನೂ ಹೊಂದುತ್ತದೆ. ಎರಡನೆಯದು ಕಾರಿನ ವಿಚಾರ. ರಸ್ತೆಗಳಲ್ಲಿ ಎರಡು ಜಾತಿ: ಚೌಕಕ್ಕೆ ಬಂದು ಮುಟ್ಟಿ ಅದನ್ನು ಬಳಸಿ ಹೋಗುವವು, ವಾರ್ಡುಗಳ ನಡುವೆ ತಡೆಯಿಲ್ಲದೆ ಸೀದಾ ಹೋಗುವವು. ಜಿಪಿಎಸ್ ಹೇಳಿತೆಂದು ಮೊದಲನೆಯದಕ್ಕೆ ನುಗ್ಗಿದರೆ ಪ್ರತಿ ಎರಡು ನಿಮಿಷಕ್ಕೊಂದು ಪ್ರದಕ್ಷಿಣೆ. ವಿಟೇಕರ್, ಡ್ರೇಟನ್, ಲಿಬರ್ಟಿಯಂಥ ಎರಡನೇ ಜಾತಿಯ ರಸ್ತೆಗಳನ್ನು ಹಿಡಿಯಿರಿ. ನಡೆಯುವವರಿಗೆ ಇದಕ್ಕೆ ತದ್ವಿರುದ್ಧ. ಚೌಕಕ್ಕೆ ಮುಟ್ಟುವ ರಸ್ತೆಯೇ ನೆರಳಿನದು, ಕಾರು ನಿಧಾನಕ್ಕೆ ಹೋಗುವಂಥದ್ದು. ಹಾಗಾಗಿ ಕಾರನ್ನು ಒಂದು ಕಡೆ ನಿಲ್ಲಿಸಿ ಮರೆತುಬಿಡುವುದೇ ಜಾಣತನ.

ನಿಲ್ಲಿಸಲು ಎಲಿಸ್ ಚೌಕದ ನೆಲದಡಿಯ ಪಾರ್ಕಿಂಗ್ ಅನುಕೂಲ, ಅದಕ್ಕೊಂದು ಕಥೆಯೂ ಇದೆ. ಅಲ್ಲಿದ್ದ ಹಳೆಯ ಮಾರುಕಟ್ಟೆಯನ್ನು 1954ರಲ್ಲಿ ಕೆಡವಿ ಕಾರು ನಿಲ್ಲಿಸುವ ಕಟ್ಟಡ ಎಬ್ಬಿಸಿದರು. ಮರುವರ್ಷ 1820ರ ಡ್ಯಾವನ್‌ಪೋರ್ಟ್ ಮನೆಗೂ ಅದೇ ಗತಿ ಬರಲಿದ್ದಾಗ ಏಳು ಮಂದಿ ಹೆಂಗಸರು ಸೇರಿ 22,500 ಡಾಲರ್ ಹೊಂದಿಸಿ ಅದನ್ನು ಕೊಂಡರು. ಹಿಸ್ಟಾರಿಕ್ ಸವಾನಾ ಫೌಂಡೇಷನ್ ಹುಟ್ಟಿದ್ದು ಹೀಗೆ. ಅವರ ಉಪಾಯ ಸರಳ: ಬೀಳುವಂತಿದ್ದ ಮನೆಗಳನ್ನು ಕೊಳ್ಳುವುದು, ದುರಸ್ತಿ ಮಾಡಿಸುತ್ತೇವೆಂದು ಕರಾರು ಬರೆದುಕೊಡುವವರಿಗೆ ಮಾರುವುದು, ಆ ಹಣದಿಂದ ಮತ್ತೊಂದು ಮನೆ. ಎಲಿಸ್ ಚೌಕದ ಪಾರ್ಕಿಂಗ್ ಕಟ್ಟಡವನ್ನೂ ಕೊನೆಗೆ ಕೆಡವಿ, ಕಾರುಗಳನ್ನು ನೆಲದಡಿಗೆ ಇಳಿಸಿ, 2010ರಲ್ಲಿ ಚೌಕವನ್ನು ಮತ್ತೆ ತೆರೆದರು. ಅಲ್ಲಿ ಸಾರ್ವಜನಿಕ ಶೌಚಾಲಯವೂ ಇದೆ. ಇದನ್ನು ಏಕೆ ಹೇಳಿದೆನೆಂದರೆ ಚೌಕಗಳಲ್ಲಿ ಆ ಸೌಕರ್ಯ ಅಪರೂಪ. ಹಿರಿಯರನ್ನು ಕರೆದುಕೊಂಡು ಹೋಗುವವರು ನೆನಪಿಟ್ಟುಕೊಳ್ಳಿ.

ನಡೆಯಲು ಬುಲ್ ಸ್ಟ್ರೀಟ್ ಒಂದೇ ಸಾಕು. ನದಿಯ ಕಡೆಯ ಸಿಟಿ ಹಾಲ್‌ನಿಂದ ಫೋರ್ಸಿತ್ ಪಾರ್ಕ್‌ವರೆಗೆ ಒಂದೂವರೆ ಕಿಲೋಮೀಟರ್ ಸುಮಾರು, ನಡುವೆ ಐದು ಚೌಕ: ಜಾನ್ಸನ್, ರೈಟ್, ಚಿಪ್ಪೆವಾ, ಮ್ಯಾಡಿಸನ್, ಮಾಂಟೆರೆ. ಜಾನ್ಸನ್ ಎಲ್ಲಕ್ಕಿಂತ ಮೊದಲನೆಯದು. ಚಿಪ್ಪೆವಾದಲ್ಲಿ ಜನ ಹುಡುಕುವುದು ‘ಫಾರೆಸ್ಟ್ ಗಂಪ್’ ಸಿನಿಮಾದ ಬೆಂಚು. ಅದು ಅಲ್ಲಿಲ್ಲ. ಚಿತ್ರೀಕರಣಕ್ಕೆಂದು ತಂದಿಟ್ಟದ್ದು, ಈಗ ಊರಿನ ಇತಿಹಾಸ ಮ್ಯೂಸಿಯಂನಲ್ಲಿದೆ. ಬದಲಿಗೆ ಒಗಲ್‌ಥಾರ್ಪ್‌ನ ಕಂಚಿನ ಪ್ರತಿಮೆ ನೋಡಿ. ಡೇನಿಯಲ್ ಚೆಸ್ಟರ್ ಫ್ರೆಂಚ್ ಮಾಡಿದ್ದು, ಅಂದರೆ ವಾಷಿಂಗ್ಟನ್ನಿನ ಕುಳಿತ ಲಿಂಕನ್ನನನ್ನು ಮಾಡಿದ ಶಿಲ್ಪಿ. ಮುಖ ದಕ್ಷಿಣಕ್ಕೆ, ಅಂದಿನ ಶತ್ರು ಸ್ಪೇನಿನವರು ಇದ್ದದ್ದು ಆ ಕಡೆ, ಫ್ಲಾರಿಡಾದಲ್ಲಿ. ಮಾಂಟೆರೆಯಲ್ಲಿ ಗಾಥಿಕ್ ಚರ್ಚಿನಂತೆ ಕಾಣುವ ಕಟ್ಟಡ ಯಹೂದಿಗಳ ಮಿಕ್ವೆ ಇಸ್ರೇಲ್ ಮಂದಿರ. ಆ ಸಮುದಾಯ ಊರು ಹುಟ್ಟಿದ ವರ್ಷವೇ ಬಂದದ್ದು.

ನಾನು ಹೆಚ್ಚು ಹೊತ್ತು ನಿಲ್ಲಿ ಎನ್ನುವುದು ರೈಟ್ ಚೌಕದಲ್ಲಿ. 1739ರಲ್ಲಿ ತೀರಿಕೊಂಡ ಟೊಮೊಚಿಚಿಯನ್ನು ಊರ ನಡುವೆಯೇ ಮಣ್ಣು ಮಾಡಬೇಕೆಂದು ಇಲ್ಲಿ ಹೂಳಿದರು, ಒಗಲ್‌ಥಾರ್ಪ್ ತಾನೂ ಹೆಣಕ್ಕೆ ಹೆಗಲು ಕೊಟ್ಟ. ಸುಮಾರು ನೂರೈವತ್ತು ವರ್ಷದ ಮೇಲೆ, 1883ರಲ್ಲಿ, ಅದೇ ಜಾಗದಲ್ಲಿ ರೈಲ್ವೆ ಕಂಪನಿಯ ಸ್ಥಾಪಕ ವಿಲಿಯಂ ಗಾರ್ಡನ್‌ನ ದೊಡ್ಡ ಸ್ಮಾರಕ ಎತ್ತಿ ನಿಲ್ಲಿಸಿದರು. ಅದು ಸರಿಯಲ್ಲವೆಂದು ಅನಿಸಿದ್ದು ಗಾರ್ಡನ್‌ನ ಸೊಸೆಗೇ. ಆಕೆಯೂ ಸಂಗಡಿಗರೂ ಸೇರಿ 1899ರಲ್ಲಿ ಚೌಕದ ಮೂಲೆಯಲ್ಲಿ ಟೊಮೊಚಿಚಿಯ ನೆನಪಿಗೆ ಒಂದು ಗ್ರಾನೈಟ್ ಬಂಡೆ ಇಡಿಸಿದರು. ನಡುವೆ ಕಂಬಗಳ ಸ್ಮಾರಕ, ಮೂಲೆಯಲ್ಲಿ ಒರಟು ಬಂಡೆ. ಎರಡನ್ನೂ ನೋಡಿ ಮುಂದೆ ಹೋಗಿ; ಪ್ರವಾಸಿ ಬಸ್ಸು ಮೊದಲನೆಯದನ್ನಷ್ಟೇ ಬಳಸಿ ಸಾಗುತ್ತದೆ.

ತಲೆಯ ಮೇಲೂ ಗಮನವಿರಲಿ. ಚೌಕಗಳಿಗೆ ನೆರಳು ಕೊಡುವುದು ಲೈವ್ ಓಕ್ ಮರ. ಕೊಂಬೆಯಿಂದ ಬೂದು ಜಡೆಯ ಹಾಗೆ ಇಳಿಬಿದ್ದ ಸ್ಪ್ಯಾನಿಷ್ ಮಾಸ್ ಅನಾನಸಿನ ಕುಟುಂಬಕ್ಕೆ ಸೇರಿದ ಗಿಡ, ಮರದ ರಸ ಹೀರುವುದಿಲ್ಲ. ಗಾಳಿಯ ತೇವ, ದೂಳಿನಲ್ಲೇ ಬದುಕುತ್ತದೆ. ಕೊಂಬೆಯ ಮೇಲ್ಮೈಯಲ್ಲಿ ಸುರುಟಿಕೊಂಡು ಸತ್ತಂತೆ ಕಂದಾಗಿ ಅಂಟಿಕೊಂಡಿರುವ ಜರಿಗಿಡಗಳಿವೆ. ಒಂದು ಮಳೆ ಬಿದ್ದರೆ ಮರುದಿನದೊಳಗೆ ಎಲೆ ಬಿಚ್ಚಿ ಹಸಿರಾಗಿ ನಿಲ್ಲುತ್ತವೆ. ಮಳೆಯಿಂದ ಸಂಜೆಯ ಕಾರ್ಯಕ್ರಮ ಕೆಟ್ಟಿದ್ದರೆ ಬೆಳಗ್ಗೆ ಅದನ್ನು ನೋಡಲಾದರೂ ಹೊರಗೆ ಹೋಗಿ.

ಓಣಿಯ ಕಡೆಯಿಂದ

ಎಲ್ಲರಿಗೂ ಒಂದೇ ಅಳತೆ, ಗುಲಾಮರಿಲ್ಲ ಎಂದು ಶುರುವಾದ ಊರು ಹದಿನೆಂಟು ವರ್ಷದಲ್ಲಿ ಮಾತು ಬದಲಿಸಿತು. ಪಕ್ಕದ ಸೌತ್ ಕೆರೊಲಿನಾದಲ್ಲಿ ಗುಲಾಮರ ದುಡಿಮೆಯಿಂದ ಭತ್ತ ಬೆಳೆದು ಕೊಬ್ಬುತ್ತಿದ್ದವರನ್ನು ಕಂಡು ಇಲ್ಲಿನ ಜಮೀನ್ದಾರರು ಒತ್ತಡ ತಂದರು. 1751ರಲ್ಲಿ ನಿಷೇಧ ಹೋಯಿತು. ಪಶ್ಚಿಮ ಆಫ್ರಿಕಾದ ಭತ್ತದ ಸೀಮೆಯಿಂದ, ಗದ್ದೆಗೆ ನೀರು ಕಟ್ಟುವ ವಿದ್ಯೆ ಬಲ್ಲವರನ್ನೇ ಹಿಡಿದು ತಂದರು. 1793ರಲ್ಲಿ ಈಲೈ ವಿಟ್ನಿ ಹತ್ತಿ ಬಿಡಿಸುವ ಜಿನ್ ಯಂತ್ರ ಮಾಡಿದ್ದು ಸವಾನಾ ಪಕ್ಕದ ಮಲ್‌ಬರಿ ಗ್ರೋವ್ ತೋಟದಲ್ಲಿ. ಅಲ್ಲಿಂದ ಮುಂದೆ ಹತ್ತಿಯದೇ ರಾಜ್ಯ. 1859ರ ಮಾರ್ಚ್‌ನಲ್ಲಿ ಊರಾಚೆಯ ಕುದುರೆ ರೇಸ್ ಮೈದಾನದಲ್ಲಿ ಒಬ್ಬ ಮಾಲೀಕನ ಸಾಲ ತೀರಿಸಲು ನಾನೂರಕ್ಕೂ ಹೆಚ್ಚು ಜನರನ್ನು ಎರಡು ದಿನ ಹರಾಜು ಹಾಕಿದರು.

ನಕ್ಷೆಯ ಓಣಿಗಳಿಗೆ ಆಗ ಬೇರೆ ಕೆಲಸ ಬಂತು. ಚೌಕಕ್ಕೆ ಮುಖ ಮಾಡಿದ ಬಂಗಲೆ ಯಜಮಾನನದು, ಹಿಂದಿನ ಓಣಿಗೆ ತೆರೆದ ಲಾಯವೂ ಗುಲಾಮರ ಕೋಣೆಯೂ. ಇದು ಅಚ್ಚುಕಟ್ಟಾಗಿ ಉಳಿದಿರುವುದು ಒಗಲ್‌ಥಾರ್ಪ್ ಚೌಕದ ಓವೆನ್ಸ್-ಥಾಮಸ್ ಮನೆಯಲ್ಲಿ. ವಿಲಿಯಂ ಜೇ ಎಂಬ ವಾಸ್ತುಶಿಲ್ಪಿ 1819ರಲ್ಲಿ ಮುಗಿಸಿದ ಈ ಮನೆಗೆ ಶ್ವೇತಭವನಕ್ಕಿಂತ ಮೊದಲೇ ನಲ್ಲಿಯಲ್ಲಿ ನೀರು ಬರುತ್ತಿತ್ತು. ಆದರೆ ನೀವು ನೋಡಬೇಕಾದದ್ದು ಹಿತ್ತಲಿನ ಗುಲಾಮರ ಮನೆಯ ಸೂರು: ಅದಕ್ಕೆ ಬಳಿದ ತಿಳಿನೀಲಿ ಬಣ್ಣ ಇನ್ನೂ ಇದೆ. ನೀಲಿ ಬಣ್ಣ ಕೆಟ್ಟ ಗಾಳಿಯನ್ನು ದೂರವಿಡುತ್ತದೆಂಬುದು ಗುಲಾಮರ ವಂಶಜರಾದ ಇಲ್ಲಿನ ಗಲ್ಲಾ ಗೀಚಿ ಜನರ ನಂಬಿಕೆ.

ಸಂಜೆಯಾದರೆ ಊರ ತುಂಬ ದೆವ್ವದ ಟೂರುಗಳು. ಶವದ ಗಾಡಿಯಲ್ಲೇ ಕೂರಿಸಿಕೊಂಡು ಹೋಗುವವರೂ ಇದ್ದಾರೆ. ಮಕ್ಕಳಿಗೆ ಮಜಾ ಇರಬಹುದು. ನನಗಂತೂ ಆ ನೀಲಿ ಸೂರಿನ ಕೆಳಗೆ ನಿಂತ ಮೇಲೆ ಆ ಕಥೆಗಳು ಸಪ್ಪೆಯೆನಿಸಿದವು. ಆ ದುಡ್ಡಿನಲ್ಲಿ ಟೆಲ್‌ಫೇರ್ ಮ್ಯೂಸಿಯಂನ ಟಿಕೆಟ್ ಕೊಳ್ಳಿ. ಅದರಲ್ಲಿ ಓವೆನ್ಸ್-ಥಾಮಸ್ ಮನೆಯೂ ಇನ್ನೆರಡು ಕಲಾಸಂಗ್ರಹಾಲಯವೂ ಸೇರಿರುತ್ತವೆ. ಸಮಯವಿದ್ದರೆ ಫ್ರಾಂಕ್ಲಿನ್ ಚೌಕದ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚಿಗೂ ಹೋಗಿ. ನೆಲದ ಹಲಗೆಯಲ್ಲಿ ವಜ್ರಾಕಾರವಾಗಿ ಕೊರೆದ ತೂತುಗಳು ಕೆಳಗೆ ಅಡಗಿಕೊಂಡಿದ್ದ, ಗುಲಾಮಗಿರಿಯಿಂದ ತಪ್ಪಿಸಿಕೊಂಡವರಿಗೆ ಉಸಿರಾಡಲು ಎಂದು ಅಲ್ಲಿನವರು ಹೇಳುತ್ತಾರೆ. ಅಂತರ್ಯುದ್ಧದ ವೇಳೆ, 1864ರ ಡಿಸೆಂಬರ್‌ನಲ್ಲಿ ಊರನ್ನು ಹಿಡಿದ ಉತ್ತರದ ಸೇನೆಯ ಜನರಲ್ ಶರ್ಮನ್ ಅದನ್ನು ಸುಡದೆ ಲಿಂಕನ್ನನಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ಅರ್ಪಿಸಿದ್ದರಿಂದ ಇವೆಲ್ಲ ಉಳಿದವು. ಹೆಸರಿನ ಲೆಕ್ಕ ಇನ್ನೂ ನಡೆಯುತ್ತಲೇ ಇದೆ: ಗುಲಾಮಗಿರಿಯ ಪರ ನಿಂತಿದ್ದ ಕ್ಯಾಲ್‌ಹೂನ್‌ನ ಹೆಸರಿನ ಚೌಕಕ್ಕೆ 2023ರಲ್ಲಿ, ಗುಲಾಮಳಾಗಿ ಹುಟ್ಟಿ ದಾದಿಯೂ ಶಿಕ್ಷಕಿಯೂ ಆದ ಸೂಸಿ ಕಿಂಗ್ ಟೇಲರ್ ಹೆಸರಿಟ್ಟರು.

ನದಿದಂಡೆಯ ರಿವರ್ ಸ್ಟ್ರೀಟ್ ದಿಣ್ಣೆಯ ಬುಡದಲ್ಲಿದೆ. ಹತ್ತಿ ದಲ್ಲಾಳಿಗಳ ಗೋದಾಮುಗಳಿಗೆ ಮೇಲಿನ ಬೇ ಸ್ಟ್ರೀಟಿನಿಂದಲೂ ಬಾಗಿಲು, ಕೆಳಗಿನ ನದಿಯಿಂದಲೂ ಬಾಗಿಲು. ಇಳಿಜಾರಿಗೆ ಹಾಸಿರುವ ಉರುಟು ಕಲ್ಲುಗಳು ಹಡಗಿನ ಹೊರೆಗಲ್ಲು: ಸರಕಿಲ್ಲದೆ ಬರುವ ಹಡಗು ವಾಲದಿರಲೆಂದು ತುಂಬಿಕೊಂಡು ಬಂದು, ಇಲ್ಲಿ ಸುರಿದು, ಹತ್ತಿ ಹೇರಿಕೊಂಡು ಹೋಗುತ್ತಿದ್ದರು. ನೋಡಲು ಚೆಂದ, ನಡೆಯಲು ಕಷ್ಟ. ಕಲ್ಲಿನ ಮೆಟ್ಟಿಲುಗಳೂ ಕಡಿದು. ಮಂಡಿನೋವಿನವರು ಸಿಟಿ ಹಾಲ್ ಬಳಿಯ ಲಿಫ್ಟ್ ಹುಡುಕಿ, ಚಪ್ಪಲಿ ಬಿಟ್ಟು ಶೂ ಹಾಕಿ. ಅಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಮದ್ಯ ಹಿಡಿದು ಓಡಾಡುವವರನ್ನು ಕಂಡು ಗಾಬರಿಯಾಗಬೇಡಿ. ಹಳೆಯ ಊರಿನ ಮಿತಿಯೊಳಗೆ ಅದಕ್ಕೆ ಕಾನೂನಿನ ಅನುಮತಿ ಇದೆ.

ಅಂಗಡಿಗಳಿಗಿಂತ ನದಿ ವಾಸಿ. ಎದುರು ದಡಕ್ಕೆ ಹೋಗಿಬರುವ ದೋಣಿಗೆ ಟಿಕೆಟ್ಟೇ ಇಲ್ಲ. ಅಮೆರಿಕದ ದೊಡ್ಡ ಕಂಟೇನರ್ ಬಂದರುಗಳಲ್ಲೊಂದು ಇಲ್ಲಿಂದ ಮೇಲಕ್ಕೆ, ಸೇತುವೆಯಾಚೆಗಿರುವುದರಿಂದ ಸಾವಿರ ಅಡಿ ಉದ್ದದ ಹಡಗು ನಿಮ್ಮ ಮುಂದೆಯೇ, ಕಟ್ಟಡವೇ ಹೊರಟಂತೆ ಸದ್ದಿಲ್ಲದೆ ಸಾಗುತ್ತದೆ. ದೊಡ್ಡ ಹಡಗುಗಳು ಭರತ ನೋಡಿಕೊಂಡು ಬರುತ್ತವೆ. ಹಾಗಾಗಿ ನಾಳೆ ಕಡಲಿಗೆಂದು ನೋಡುವ ಭರತದ ಪಟ್ಟಿ ಇವತ್ತೂ ಉಪಯೋಗಕ್ಕೆ ಬರುತ್ತದೆ.

ಊಟದ ಮಾತು ಚುಟುಕಾಗಿ. ಇಲ್ಲಿನ ಅಡುಗೆಯಲ್ಲಿ ಅನ್ನ, ಬೆಂಡೆಕಾಯಿ, ಅಲಸಂದೆ ಎಲ್ಲ ಇದೆ ಎಂದು ಸಸ್ಯಾಹಾರಿಗಳು ಹಿಗ್ಗುವ ಮೊದಲು ಒಂದು ಎಚ್ಚರಿಕೆ: ಸೊಪ್ಪು, ಕಾಳು, ಕೆಂಪನ್ನ ಎಲ್ಲದಕ್ಕೂ ರುಚಿಗೆಂದು ಹಂದಿಮಾಂಸದ ತುಂಡು ಹಾಕುವುದು ರೂಢಿ. ಮೆನುವಿನಲ್ಲಿ ಬರೆದಿರುವುದಿಲ್ಲ, ಕೇಳಲೇಬೇಕು. ಮೆಕ್ಕೆಜೋಳದ ನುಚ್ಚಿನ ಗ್ರಿಟ್ಸ್ ಕೂಡ ಕೋಳಿ ರಸದಲ್ಲಿ ಬೆಂದಿರಬಹುದು. 1919ರಲ್ಲಿ ಶುರುವಾದ ಲಿಯೋಪೋಲ್ಡ್ಸ್ ಐಸ್‌ಕ್ರೀಮಿಗೆ ಈ ಅನುಮಾನವಿಲ್ಲ, ಸರತಿ ಸಾಲು ಮಾತ್ರ ಬೀದಿಗೆ ಬಂದಿರುತ್ತದೆ. ಮೀನು ಸೀಗಡಿ ತಿನ್ನುವವರಿಗೆ ಸಲಹೆ ಬೇಡ, ಎಲ್ಲಿ ಕೂತರೂ ನಡೆಯುತ್ತದೆ.

ಕಡಲಿಗೆ ಹೋಗುವ ಹೊತ್ತು

ಟೈಬೀ ಊರಿನಿಂದ ಪೂರ್ವಕ್ಕೆ 18 ಮೈಲಿ. ಹೋಗಲು ಇರುವುದು ಹೆದ್ದಾರಿ 80 ಒಂದೇ. ಊರು ದಾಟಿದ ಮೇಲೆ ಎರಡೂ ಕಡೆ ಕಣ್ಣು ಹಾಯುವವರೆಗೆ ಆಳೆತ್ತರದ ಹುಲ್ಲಿನ ಉಪ್ಪುಜೌಗು, ನಡುವೆ ಹಾವಿನಂತೆ ಹೊರಳುವ ಕಾಲುವೆಗಳು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಉಳಿದಿರುವ ಇಂಥ ಜೌಗಿನ ಸುಮಾರು ಮೂರನೇ ಒಂದು ಪಾಲು ಜಾರ್ಜಿಯಾದ ನೂರು ಮೈಲಿ ಕರಾವಳಿಯಲ್ಲೇ ಇದೆ. 1970ರ ಕಾಯಿದೆ ಅದನ್ನು ಕಾಪಾಡಿದೆ. ಇಳಿತದ ಹೊತ್ತಿನಲ್ಲಿ ಕಾರಿನ ಕಿಟಕಿ ಇಳಿಸಿದರೆ ಗಂಧಕದ ವಾಸನೆ. ಕೊಳಚೆ ಎಂದುಕೊಳ್ಳಬೇಡಿ, ಕೊಳೆಯುವ ಹುಲ್ಲಿನ ಕೆಸರಿನದು. ಸೀಗಡಿ, ಏಡಿ, ಮೀನುಮರಿ ಬೆಳೆಯುವುದು ಆ ಕೆಸರಿನಲ್ಲೇ. ಟೈಬೀ ನೀರಿನ ಕಂದುಬಣ್ಣಕ್ಕೂ ಇದೇ ಕಾರಣ: ಒಳನಾಡಿನ ಕೆಮ್ಮಣ್ಣು ಹೊತ್ತು ತರುವ ನದಿ, ಜೌಗಿನ ಕೊಳೆತ ಹುಲ್ಲಿನ ಕಣ, ಇವೆರಡನ್ನೂ ದಿನಕ್ಕೆ ನಾಲ್ಕು ಸಲ ಕಲಕುವ ಭರತ ಇಳಿತ. ನೀಲಿ ನೀರು ಬೇಕೆಂದವರು ಫ್ಲಾರಿಡಾಕ್ಕೇ ಹೋಗಬೇಕು.

ದಾರಿಯಲ್ಲಿ ಕಾಕ್‌ಸ್ಪರ್ ದ್ವೀಪದ ಪುಲಾಸ್ಕಿ ಕೋಟೆ ತಪ್ಪಿಸಬಾರದು. ಎರಡೂವರೆ ಕೋಟಿ ಇಟ್ಟಿಗೆಯಲ್ಲಿ, 1829ರಿಂದ 1847ರವರೆಗೆ ಕಟ್ಟಿದ್ದು. ಏಳೂವರೆ ಅಡಿ ದಪ್ಪದ ಗೋಡೆ ಒಡೆಯಲು ಆಗದೆಂದೇ ಎಲ್ಲರ ನಂಬಿಕೆ. ಆದರೆ ಅಂತರ್ಯುದ್ಧದಲ್ಲಿ ಕೋಟೆ ದಕ್ಷಿಣದವರ ಕೈಯಲ್ಲಿದ್ದಾಗ, 1862ರ ಏಪ್ರಿಲ್ 10ರಂದು ಉತ್ತರದವರು ಟೈಬೀ ದಡದಿಂದ, ಸುಮಾರು ಒಂದು ಮೈಲಿ ದೂರದಿಂದ ಹೊಸ ಬಗೆಯ ಫಿರಂಗಿ ಹಾರಿಸಿದರು. ನಳಿಗೆಯ ಒಳಗೆ ಸುರುಳಿ ಗೀರು ಇರುವುದರಿಂದ ಗುಂಡು ತಿರುಗುತ್ತಾ ನೇರ ಹೋಗಿ ಗೋಡೆಯನ್ನು ಕೊರೆಯುತ್ತದೆ. ಮೂವತ್ತು ಗಂಟೆಯಲ್ಲಿ ಗೋಡೆ ತೂತಾಯಿತು. ಗುಂಡುಗಳು ಒಳಗಿನ ಮದ್ದಿನ ಮನೆಗೆ ತಾಗತೊಡಗಿದಾಗ ಕೋಟೆ ಶರಣಾಯಿತು. ಇಟ್ಟಿಗೆ ಕೋಟೆಗಳ ಕಾಲ ಅಲ್ಲಿಗೆ ಮುಗಿಯಿತು. ಆಗ್ನೇಯ ಮೂಲೆಗೆ ಹೊರಗಡೆಯಿಂದ ಹೋಗಿ ನೋಡಿ: ತೇಪೆ ಹಾಕಿದ ಕಡೆ ಇಟ್ಟಿಗೆಯ ಬಣ್ಣ ಬೇರೆ, ಪಕ್ಕದ ಗೋಡೆಯಲ್ಲಿ ಗುಂಡುಗಳು ಇನ್ನೂ ಹೂತುಕೊಂಡಿವೆ. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇದ್ದರೆ ಇಲ್ಲೂ ನಡೆಯುತ್ತದೆ.

ಈಗ ಭರತ. ನಮ್ಮ ಕರಾವಳಿಯವರಿಗೆ ಇದು ಹೊಸದಲ್ಲ, ಆದರೆ ಪ್ರಮಾಣ ಬೇರೆ. ಮಂಗಳೂರಿನಲ್ಲಿ ಭರತಕ್ಕೂ ಇಳಿತಕ್ಕೂ ವ್ಯತ್ಯಾಸ ಸಾಮಾನ್ಯವಾಗಿ ಒಂದೂವರೆ ಮೀಟರಿನೊಳಗೆ. ಇಲ್ಲಿ ಸರಾಸರಿ ಏಳು ಅಡಿ, ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸು ಒಂಬತ್ತು ಅಡಿಯವರೆಗೆ. ಅಮೆರಿಕದ ಆಗ್ನೇಯ ಕರಾವಳಿ ಜಾರ್ಜಿಯಾದ ಬಳಿ ಒಳಕ್ಕೆ ಬಾಗಿದೆ, ಕಡಲತಳ ಬಹುದೂರದವರೆಗೆ ಆಳವಿಲ್ಲದೆ ಹರಡಿದೆ. ಅಗಲ ಬಾಯಿಂದ ನುಗ್ಗಿದ ನೀರು ಒತ್ತರಿಸಿಕೊಂಡು ಮೇಲೇರಲೇಬೇಕು. ಬಾಗಿನ ಎರಡು ತುದಿಗಳಲ್ಲಿ, ಮಯಾಮಿ ಮತ್ತು ಕೇಪ್ ಹ್ಯಾಟರಸ್ ಕಡೆ, ಇದರ ಅರ್ಧದಷ್ಟೂ ಏರುವುದಿಲ್ಲ.

ಲೆಕ್ಕ ಹೀಗೆ. ಒಂದು ಇಳಿತದಿಂದ ಮುಂದಿನ ಭರತಕ್ಕೆ ಆರು ಗಂಟೆ ಚಿಲ್ಲರೆ. ದಿನದಿಂದ ದಿನಕ್ಕೆ ಹೊತ್ತು ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಇಳಿತವೆಂದರೆ ಮೂರೂಕಾಲರ ಹೊತ್ತಿಗೆ ಭರತ, ಭಾನುವಾರದ ಇಳಿತ ಹತ್ತಕ್ಕೆ ಹತ್ತು ನಿಮಿಷ ಇರುವಾಗ. ಸರ್ಕಾರದ ಮಾಪನ ಕೇಂದ್ರ ಪುಲಾಸ್ಕಿ ಕೋಟೆಯಲ್ಲೇ 1935ರಿಂದ ಇದೆ. ಮೊಬೈಲಿನಲ್ಲಿ ಅದರ ಹೆಸರು ಹುಡುಕಿದರೆ ಆ ದಿನದ ಪಟ್ಟಿ ಸಿಗುತ್ತದೆ. ವಯಸ್ಸಾದವರು, ಪುಟ್ಟ ಮಕ್ಕಳು ಇದ್ದರೆ ಇಳಿತದ ಎರಡು ಗಂಟೆ ಹಿಂದೆ ಮುಂದೆ ಹೋಗುವುದು ಒಳ್ಳೆಯದು. ಮರಳು ಗಟ್ಟಿಯಾಗಿ, ಅಗಲವಾಗಿ ಸಿಗುತ್ತದೆ, ನಡೆದಾಡಬಹುದು, ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಸಣ್ಣ ಏಡಿ, ಚಿಪ್ಪು ಕಾಣಬಹುದು. ಭರತದಲ್ಲಿ ಹೋದರೆ ಅದೇ ಬೀಚು ಛತ್ರಿ ಊರಲು ಜಾಗವಿಲ್ಲದಷ್ಟು ಕಿರಿದು.

ಅಪಾಯವಿರುವುದೂ ಇದರಲ್ಲೇ. ದ್ವೀಪದ ದಕ್ಷಿಣ ತುದಿಯಲ್ಲಿ ಇಳಿತದ ಹೊತ್ತಿಗೆ ಮರಳದಿಬ್ಬಗಳು ಮೇಲೇಳುತ್ತವೆ. ಜನ ಆ ಕಡೆ ನಡೆಯುತ್ತಾ ಹೋಗುತ್ತಾರೆ. ನೀರು ತಿರುಗಿದಾಗ ಅದು ಮೊದಲು ತುಂಬುವುದು ದಿಬ್ಬಕ್ಕೂ ದಡಕ್ಕೂ ನಡುವಿನ ತಗ್ಗನ್ನು. ನಿಂತ ಜಾಗ ಒಣಗಿಯೇ ಇರುತ್ತದೆ, ಹಿಂದಿನ ದಾರಿ ಕಡಿದಿರುತ್ತದೆ. ಪಟ್ಟಿಯಲ್ಲಿ ಇಳಿತ ಒಂಬತ್ತಕ್ಕೆ ಎಂದಿದ್ದರೆ ಒಂಬತ್ತಕ್ಕೆ ನೀವು ವಾಪಸ್ ಹೊರಟಿರಬೇಕು. ಎರಡೂ ತುದಿಗಳಲ್ಲಿ ನದಿ, ಕಾಲುವೆಗಳ ನೀರು ರಭಸದಿಂದ ಒಳಹೊರಗೆ ಹರಿಯುವುದರಿಂದ ಈಜಬಾರದೆಂಬ ಫಲಕಗಳಿವೆ. ಫಲಕ ತೋರಿಕೆಗೆ ಹಾಕಿದ್ದಲ್ಲ. ಈಜುವುದಾದರೆ ನಡುವೆ, ಪಿಯರ್ ಆಸುಪಾಸಿನಲ್ಲಿ, ಲೈಫ್‌ಗಾರ್ಡ್ ಕಣ್ಣಳತೆಯಲ್ಲಿ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ಹೋರಾಡಬೇಡಿ, ದಡಕ್ಕೆ ಸಮಾನಾಂತರವಾಗಿ ಅಡ್ಡ ಈಜಿ.

ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಲಾಗರ್‌ಹೆಡ್ ಕಡಲಾಮೆಗಳು ಇಲ್ಲಿ ಮೊಟ್ಟೆಯಿಟ್ಟು ಮರಿ ಮಾಡುವ ಕಾಲ. ಮರಿ ದಿಕ್ಕು ತಪ್ಪದಿರಲೆಂದು ರಾತ್ರಿ ಬೀಚಿಗೆ ದೀಪ ಬೀಳಿಸಬಾರದು. ಮೊಬೈಲ್ ಟಾರ್ಚೂ ಬೇಡ. ತೋಡಿದ ಗುಂಡಿ ಮುಚ್ಚಿಯೇ ಹೊರಡಿ, ಮರಳು ಗುಡ್ಡೆ ಹತ್ತದೆ ಹಲಗೆಯ ದಾರಿಯಲ್ಲೇ ದಾಟಿ. ಅದರ ಮೇಲಿನ ಹುಲ್ಲು ಕಿತ್ತರೆ ದಂಡ. ನಾಯಿಗೂ ಗಾಜಿನ ಬಾಟಲಿಗೂ ಬೀಚಿನಲ್ಲಿ ಪ್ರವೇಶವಿಲ್ಲ. ಆ ಮರಳು ಕೂಡ ಪೂರ್ತಿ ಪ್ರಕೃತಿ ಕೊಟ್ಟದ್ದಲ್ಲ: ಉತ್ತರದಿಂದ ಸರಿದು ಬರಬೇಕಾದ ಮರಳನ್ನು ಹಡಗಿನ ಆಳ ಕಾಲುವೆ ತಡೆಯುವುದರಿಂದ 1970ರ ದಶಕದಿಂದ ಕೆಲವು ವರ್ಷಕ್ಕೊಮ್ಮೆ ಕಡಲತಳದಿಂದ ಪಂಪ್ ಮಾಡಿ ತುಂಬುತ್ತಾರೆ.

ಉತ್ತರ ತುದಿಯ ದೀಪಸ್ತಂಭಕ್ಕೆ 178 ಮೆಟ್ಟಿಲು. ಕೆಳಗಿನ 60 ಅಡಿ 1773ರದು. ಅಂತರ್ಯುದ್ಧದಲ್ಲಿ ದಕ್ಷಿಣದವರೇ ಸುಟ್ಟ ಮೇಲೆ ಮಿಕ್ಕಿದ್ದನ್ನು 1867ರಲ್ಲಿ ಕಟ್ಟಿದರು. ಮೇಲೆ ನಿಂತರೆ ನದಿಮುಖ, ಒಳಬರುವ ಹಡಗು, ದಕ್ಷಿಣಕ್ಕೆ ವಾಸಾ ಖಾರಿಯ ದಿಕ್ಕು ಕಾಣುತ್ತದೆ. ಆ ಖಾರಿಯ ನೀರಿಗೆ 1958ರ ಫೆಬ್ರವರಿಯಲ್ಲಿ, ಇನ್ನೊಂದು ವಿಮಾನಕ್ಕೆ ಡಿಕ್ಕಿಯಾದ ಬಾಂಬರ್ ವಿಮಾನ ಮೂರು ಟನ್ನಿಗೂ ಮಿಕ್ಕಿದ ಅಣುಬಾಂಬನ್ನು ಕಳಚಿಹಾಕಿತು. ಹುಡುಕಿದರು, ಸಿಗಲಿಲ್ಲ. ಸ್ಫೋಟಕ್ಕೆ ಬೇಕಾದ ಅಣು ಭಾಗ ಅದರಲ್ಲಿರಲಿಲ್ಲ ಎಂಬುದು ವಾಯುಪಡೆಯ ಮಾತು. ಟೈಬೀಯವರು ಇದನ್ನು ತಮಾಷೆಯಾಗಿಯೇ ಹೇಳುತ್ತಾರೆ. ತಮಾಷೆಯಾಗಿ ಹೇಳದ ವಿಷಯ ಇನ್ನೊಂದಿದೆ. ಈ ಬೀಚು ಬಹುಕಾಲ ಬಿಳಿಯರಿಗೆ ಮಾತ್ರ ಮೀಸಲು. 1960ರ ಆಗಸ್ಟ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಬಂದು ನೀರಿಗಿಳಿದರು. ಪೊಲೀಸರು ಹನ್ನೊಂದು ಮಂದಿಯನ್ನು ಹಿಡಿದೊಯ್ದರು. ನಾವು ಚಾಪೆ ಹಾಸಿ ಚಿತ್ರಾನ್ನ ಬಿಚ್ಚುವುದು ಅದೇ ಮರಳಿನ ಮೇಲೆ.

ದ್ವೀಪದಲ್ಲಿ ಪಾರ್ಕಿಂಗಿಗೆ ಎಲ್ಲೆಡೆ ಹಣ ಕೊಡಬೇಕು, ಬೇಸಿಗೆಯ ಶನಿವಾರ ಭಾನುವಾರ ಬೆಳಗ್ಗೆ ಹತ್ತರ ಮೇಲೆ ಜಾಗವೇ ಸಿಗದು. ಆದ್ದರಿಂದ ಊರು, ಕಡಲು ಯಾವ ದಿನ ಯಾವುದು ಎಂಬುದನ್ನು ಕ್ಯಾಲೆಂಡರ್ ನೋಡಿ ಅಲ್ಲ, ಬೆಳಗಿನ ಇಳಿತ ಯಾವ ದಿನ ಅನುಕೂಲ ಎಂದು ನೋಡಿ ನಿರ್ಧರಿಸಿ. ಮಧ್ಯಾಹ್ನ ಬಿಸಿಲಿಗೆ ಕೋಟೆಯ ಕಮಾನುಗಳ ನೆರಳಿಗೆ ಹೋಗಿ. ವರ್ಷದಲ್ಲಿ ಕೆಲವು ದಿನ ಅತಿ ದೊಡ್ಡ ಭರತ ಬಂದಾಗ ಹೆದ್ದಾರಿ 80ರ ಮೇಲೇ ನೀರು ಹರಿದು ಒಂದೆರಡು ಗಂಟೆ ದಾರಿ ನಿಲ್ಲುತ್ತದೆ, ಹೊರಡುವ ಮುನ್ನ ಅದನ್ನೂ ನೋಡಿಕೊಳ್ಳಿ. ಭಾನುವಾರ ಸಂಜೆ ನಾಲ್ಕರಿಂದ ಏಳರವರೆಗೆ ಎಲ್ಲರೂ ಒಟ್ಟಿಗೆ ಹೊರಡುವುದರಿಂದ ಆ ರಸ್ತೆಯಲ್ಲಿ ಕಾರುಗಳು ತೆವಳುತ್ತವೆ. ಸೋಮವಾರ ಆಫೀಸಿದ್ದವರು ಮೂರರೊಳಗೆ ದ್ವೀಪ ಬಿಡಬೇಕು. ರಜೆ ಇದ್ದವರು ಪಶ್ಚಿಮದ ಬ್ಯಾಕ್ ರಿವರ್ ದಡಕ್ಕೆ ಹೋಗಿ; ಬೀಚು ಪೂರ್ವಕ್ಕಿರುವುದರಿಂದ ಸೂರ್ಯ ಮುಳುಗುವುದು ಕಾಣುವುದು ಅಲ್ಲಿಂದಲೇ. ಅದಾಗಿ ಹೊರಟರೆ ರಸ್ತೆ ಖಾಲಿ, ಅಟ್ಲಾಂಟಾ ಮುಟ್ಟುವಾಗ ಮಾತ್ರ ನಡುರಾತ್ರಿ ದಾಟಿರುತ್ತದೆ.